ಪೇಟಿ ಮಾಸ್ತರರ ಲಿನಕ್ಸ್

ಹೋದ ವಾರ ನಮ್ಮ ಮನೆಯವರು ಯಾರದೋ ಮದುವೆಗೆಂದು ಟ್ರಂಕಿನಿಂದ ರೇಷ್ಮೆ ಸೀರೆ ತೆಗೆದರು. ಮುಚ್ಚಳ ಎದ್ದದ್ದೇ ತಡ, ಡಾಂಬರ ಗುಳಿಗೆಯ ವಾಸನೆ ಕೊಪ್ಪಳದ ನಮ್ಮ ಎರಡು ಖೋಲಿಯ ಮನೆಯನ್ನೆಲ್ಲ ತುಂಬಿತು. ಈ ವಾಸನೆಗೆ ಉಳಿದವರಿಗೆ ತವರುಮನೆಯೋ ಅಜ್ಜಿಯ ಶಾಲೋ ನೆನಪಾಗಬಹುದು. ನನಗೆ ಕಂಪ್ಯೂಟರ್ ನೆನಪಾಗುತ್ತದೆ. ಹಾಗೆಂದು ಬಾಯಿಬಿಟ್ಟು ಹೇಳಿಯೂಬಿಟ್ಟೆ. ಸೀರೆಯನ್ನು ಬಿಸಿಲಿಗೆ ಹರವುತ್ತಿದ್ದವರು ತಿರುಗಿ ಕೂಡ ನೋಡದೆ, "ನಿಮಗ ಮಲ್ಲಿಗಿ ವಾಸನಿ ಬಂದ್ರ ಸಿಮೆಂಟ್ ನೆನಪಾದೀತು," ಅಂದರು.

ಇದಕ್ಕೆ ವಿವರಣೆ ಕೊಡುವುದು ನನ್ನ ಕರ್ತವ್ಯ. ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಅದರೊಳಗಿನ ಬಟ್ಟೆ, ಚರ್ಮ ಹುಳ ತಿನ್ನಬಾರದೆಂದು ಹೊಟ್ಟೆಯಲ್ಲಿ ಎರಡು ಡಾಂಬರ ಗುಳಿಗೆ ಇಡುತ್ತಾರೆ. ಯಲಬುರ್ಗಾದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಪೇಟಿ ಮಾಸ್ತರರು ಈ ಪದ್ಧತಿಯನ್ನು ತಮ್ಮ ಕಂಪ್ಯೂಟರಿಗೂ ವಿಸ್ತರಿಸಿದ್ದರು. ಹೊಟ್ಟೆ ಇದ್ದದ್ದಕ್ಕೆಲ್ಲ ಗುಳಿಗೆ ಬೇಕು ಎಂಬುದು ಅವರ ನಿಯಮ. ಮಷಿನ್ ಕಾಯ್ದಂತೆ ಗುಳಿಗೆಯೂ ಕಾಯ್ದು, ಹಿಂದಿನ ಫ್ಯಾನಿನ ಗಾಳಿಯಲ್ಲಿ ಆ ವಾಸನೆ ಬಿಸಿಬಿಸಿಯಾಗಿ ಪಡಸಾಲೆಗೆ ಬರುತ್ತಿತ್ತು. ಆ ಪಡಸಾಲೆಯಲ್ಲಿ ನಾನು ಆರು ವರ್ಷ ಸಂಜೆಯ ಚಹಾ ಕುಡಿದಿದ್ದೇನೆ...

ನಾನಾಗ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಕುಷ್ಟಗಿಯಿಂದ ಯಲಬುರ್ಗಾಕ್ಕೆ ವರ್ಗವಾಗಿ ಬಂದಿದ್ದೆ. ಮಾಸ್ತರರು ಹೈಸ್ಕೂಲಿನಲ್ಲಿ ಸಂಗೀತ ಕಲಿಸಿ ನಿವೃತ್ತರಾಗಿದ್ದರು. ನಿವೃತ್ತಿಯಾದದ್ದು ಶಾಲೆಯಿಂದ ಮಾತ್ರ. ಭಜನೆ, ಪುರಾಣ, ನಾಟಕ, ಗಣೇಶೋತ್ಸವದ ಗಾಯನ ಸ್ಪರ್ಧೆ, ಎಲ್ಲಿ ಕರೆದರೂ ಪೇಟಿಯನ್ನು ಬಸ್ಸಿಗೆ ಹಾಕಿಕೊಂಡು ಹೋಗುತ್ತಿದ್ದರು. ತಾಲೂಕಿನಲ್ಲಿ ಹಾಡಲು ಬಾಯಿ ತೆರೆದವರು ಯಾರೂ ಅವರ ಪೇಟಿಯಿಂದ ತಪ್ಪಿಸಿಕೊಂಡಿರಲಿಲ್ಲ. ನನ್ನನ್ನು 'ಸಾಹೇಬ್ರ' ಎಂದು ಕರೆಯುತ್ತಿದ್ದರು. ನಾನು ಯಾವ ದೃಷ್ಟಿಯಿಂದಲೂ ಸಾಹೇಬನಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಕಂಪ್ಯೂಟರ್ ಬಂದದ್ದು ಕುಷ್ಟಗಿಯ ಕಡೆಯ ಒಂದು ಶಾಲೆಯಿಂದ. ಬಳಕೆಗೆ ಯೋಗ್ಯವಲ್ಲ ಎಂದು ಅವರು ಮೂಲೆಗೆ ಹಾಕಿದ್ದನ್ನು ಮಾಸ್ತರರು ಕೇಳಿ ತಂದರು. ಮಾನಿಟರನ್ನು ಬಸ್ಸಿನ ಕಿಟಕಿ ಸೀಟಿನಲ್ಲಿ ಕೂಡಿಸಿ ತಾವು ನಿಂತು ಬಂದರು. ಆ ಮುದಿ ಯಂತ್ರದ ಬಟನ್ ಒತ್ತಿದರೆ, ಮಾಸ್ತರರ ಸ್ನಾನ, ಪೂಜೆ, ನಾಷ್ಟಾ ಮುಗಿಯುವ ಹೊತ್ತಿಗೆ ಅದಕ್ಕೆ ಎಚ್ಚರವಾಗುತ್ತಿತ್ತು. ಕೊನೆಗೆ ಗಂಗಾವತಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಹಳೆಯ ಶಿಷ್ಯನೊಬ್ಬ ಒಂದು ಪೆನ್‌ಡ್ರೈವ್ ಕೊಟ್ಟು, ಇದನ್ನು ಹಾಕಿ ನೋಡ್ರಿ ಗುರುಗಳ, ಹಗುರ ಐತಿ ಅಂದನಂತೆ. ಹಾಗೆ ನಮ್ಮ ಓಣಿಗೆ ಲಿನಕ್ಸ್ ಬಂತು, ವಿಂಡೋಸಿನ ಬದಲು ಕಂಪ್ಯೂಟರ್ ನಡೆಸುವ ಪುಕ್ಕಟೆ ವ್ಯವಸ್ಥೆ.

ಲಿನಕ್ಸ್ ಅಂದರೆ ಒಂದು ಎಂದು ನಾನು ತಿಳಿದಿದ್ದೆ. ಮಾಸ್ತರರು ನನ್ನ ಅಜ್ಞಾನವನ್ನು ಕಟ್ಟೆಯ ಮೇಲೆ ಕೂಡಿಸಿ ತಿದ್ದಿದರು. ರಾಗ ಒಂದೇ, ಘರಾಣೆ ಬೇರೆ ಬೇರೆ. ಡೆಬಿಯನ್ ಎಂಬುದು ಹಿರಿಯ ಗವಾಯಿ; ಹೊಸದೇನೂ ಹಾಡುವುದಿಲ್ಲ, ಹಾಡಿದ್ದು ತಪ್ಪುವುದಿಲ್ಲ. ಉಬುಂಟು ಸಭೆಯ ಕಲಾವಿದ. ಜರಿ ಶಾಲು ಹೊದ್ದು ನಗುನಗುತ್ತ ಬಂದು ಕೂಡುತ್ತಾನೆ. ಮಿಂಟ್ ಮನೆಯಲ್ಲಿ ಚಹಾ ಕುಡಿಯುತ್ತ ಹಾಡುವವ, ಅವನಿಂದ ಯಾರಿಗೂ ತೊಂದರೆ ಇಲ್ಲ. ಆರ್ಚ್ ಎಂದೊಂದು ಇದೆಯಂತೆ. ಅದರ ಬಗ್ಗೆ ಹೇಳುವಾಗ ಮಾಸ್ತರರು ಕಿವಿ ಮುಟ್ಟಿಕೊಂಡರು. "ಅದು ಭಾಳ ದೊಡ್ಡ ಗುರು, ಸಾಹೇಬ್ರ. ತಂಬೂರಿ ಬೇಕ್ರಿ ಅಂತ ಕೇಳಿದ್ರ, ಮೊದಲ ಹೋಗಿ ಅದರ ಬುರುಡಿಗೆ ಸೋರಿಬಳ್ಳಿ ಹಚ್ಚು ಅಂತೈತಿ."

ಕಚೇರಿಯಲ್ಲಿ ಎಲ್ಲರಂತೆ ಸರ್ಕಾರ ಕೊಟ್ಟ ವಿಂಡೋಸ್ ತಿಂದು ಬೆಳೆದ ನಾನು ಒಂದೇ ಪ್ರಶ್ನೆ ಕೇಳಿದೆ. ಇದೆಲ್ಲ ಬರೋಬ್ಬರಿ, ಪ್ರಿಂಟರ್ ನಡೆಯುತ್ತದೆಯೇ? ಮಾಸ್ತರರು, ಪ್ರಿಂಟರ್ ಎಂಬ ಪ್ರಾಣಿ ಯಾವ ಘರಾಣೆಗೂ ಸೇರಿದ್ದಲ್ಲ ಎಂದು ತೀರ್ಪು ಕೊಟ್ಟರು. ಆ ತೀರ್ಪನ್ನು ನಾನು ಇಂದಿಗೂ ಒಪ್ಪುತ್ತೇನೆ.

ಯಂತ್ರಕ್ಕೆ ಅವರು ಮಾಡಿದ ಮರ್ಯಾದೆ ಅಷ್ಟಿಷ್ಟಲ್ಲ. ಚಾಲೂ ಮಾಡುವ ಮೊದಲು ಬಲಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವರು. ಅಮಾವಾಸ್ಯೆಯಂದು ಎಂದೂ ಅಪ್‌ಡೇಟ್ ಮಾಡರು. ಒಂದು ಸಲ ಹುಣ್ಣಿಮೆಯ ಮರುದಿನ ಅಪ್‌ಡೇಟ್ ಮಾಡಿದ ಮೇಲೆ ಸ್ಪೀಕರಿನಲ್ಲಿ ಶಬ್ದವೇ ನಿಂತುಹೋದಾಗ, ಎರಡು ದಿನ ಪಂಚಾಂಗ ತಿರುವಿ ಕಾರಣ ಹುಡುಕಿದರು. ಮೂರನೆಯ ದಿನ ನೋಡಿದರೆ ವಾಯರ್ ಸಡಿಲಾಗಿತ್ತು.

ಹಾಡು ರೆಕಾರ್ಡ್ ಮಾಡುವ ಸಾಫ್ಟ್‌ವೇರ್‌ಗಳ ಬಗ್ಗೆ ಅವರ ಅಭಿಪ್ರಾಯ ಮಿಶ್ರವಾಗಿತ್ತು. ಅವುಗಳೊಳಗಿನ ಟಿಕ್ ಟಿಕ್ ತಾಳಕ್ಕೆ ಪೊಲೀಸ್ ಪರೇಡ್ ಒಂದೇ ಗೊತ್ತು, ಮನುಷ್ಯರು ಹಾಡುವುದು ಗೊತ್ತಿಲ್ಲ ಎನ್ನುತ್ತಿದ್ದರು. ಮೈಕಿನಲ್ಲಿ ಹಾಡಿದ್ದು ಆ ಹಳೆಯ ಯಂತ್ರವನ್ನು ಸುತ್ತಿ ಹೆಡ್‌ಫೋನಿಗೆ ಬರುವಷ್ಟರಲ್ಲಿ ಅರ್ಧ ಮಾತ್ರೆ ತಡವಾಗುತ್ತಿತ್ತು. ಬೇರೆಯವರಾಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಮಾಸ್ತರರು, ಪಾಪ, ಹಿಂದಿನ ಸಾಲಿನ ಭಜನಿಯವರಂಗ ಅದೂ ನಮ್ಮ ಹಿಂದಿಂದ ಹೇಳತೈತಿ ಎಂದು ಅದಕ್ಕೂ ಒಂದು ಜಾಗ ಮಾಡಿಕೊಟ್ಟಿದ್ದರು. ಕೊನೆಗೆ ಅವರ ಕೈಗೆ ಒಗ್ಗಿದ್ದು ಆಡಾಸಿಟಿ ಎಂಬ ಸರಳ ಸಾಫ್ಟ್‌ವೇರ್. ಕೆಂಪು ಗುಂಡಿ ಒತ್ತಿದರೆ ರೆಕಾರ್ಡ್, ಕರೇ ಚೌಕ ಒತ್ತಿದರೆ ಬಂದ್. ತಾಲೂಕಿನ ಭಜನಾ ಮಂಡಳಿಗಳೆಲ್ಲ ಆ ಪಡಸಾಲೆಯಲ್ಲಿ ಕುಳಿತು ತಮ್ಮ ಹಾಡು ತಾವೇ ಕೇಳಿ ಬೆರಗಾಗಿ ಹೋದವು.

ಆ ಪಡಸಾಲೆಯಲ್ಲಿ ಹಾಡದೇ ಉಳಿದಿದ್ದವರು ಒಬ್ಬರೇ. ಮಾಸ್ತರರ ಹೆಂಡತಿ. ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ವೈನಿಯ ಹಾಡು ಅಡುಗೆ ಮನೆಯದು. ಆರತಿ ಹಾಡು, ಜೋಗುಳ, ಸೋಬಾನೆ, ತಾಯಿಯಿಂದ ಬಂದದ್ದು. ದನಿ ದೊಡ್ಡದಲ್ಲ. ಆದರೆ ಅವರು ಜೋಳ ಹಸನು ಮಾಡುತ್ತ ಹಾಡಿದರೆ, ನಾನು ನಮ್ಮ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವುದನ್ನು ಸ್ವಲ್ಪ ನಿಧಾನ ಮಾಡುತ್ತಿದ್ದೆ. ಊರಿಗೆಲ್ಲ ಪೇಟಿ ಹಿಡಿದ ಮಾಸ್ತರರು ಮನೆಯಲ್ಲಿ ಹೆಂಡತಿಗೆ ಒಮ್ಮೆಯೂ ಹಿಡಿದಿರಲಿಲ್ಲ. ಜಗಳವೇನಿಲ್ಲ. ಅದು ಅವರಿಬ್ಬರ ತಲೆಗೂ ಹೊಳೆದಿರಲಿಲ್ಲ, ಅಷ್ಟೇ...

ಆಮೇಲೆ ವೈನಿಗೆ ಗಂಟಲಿನಲ್ಲಿ ಗಂಟಾಯಿತು. ಹುಬ್ಬಳ್ಳಿಯ ಡಾಕ್ಟರು ಆಪರೇಷನ್ ಆಗಲೇಬೇಕು ಅಂದರು. ಜೀವಕ್ಕೆ ಚಿಂತೆ ಇಲ್ಲ, ದನಿಯ ಬಗ್ಗೆ ಮಾತು ಕೊಡಲಾರೆ ಎಂದೂ ಅಂದರು. ಆ ದಿನ ಸಂಜೆ ಮಾಸ್ತರರು ನಮ್ಮ ಬಾಗಿಲಿಗೆ ಬಂದು, ಒಳಗೆ ಬರದೆ, ಹೊಸ್ತಿಲ ಹೊರಗೇ ನಿಂತರು.

"ಸಾಹೇಬ್ರ, ನಾಕು ದಿನ ಮಧ್ಯಾಹ್ನ ರಜಾ ಹಾಕ್ತೀರೇನು? ನಾ ಪೇಟಿ ಹಿಡೀತೀನಿ. ಗುಂಡಿ ಒತ್ತಾಕ ಒಬ್ಬರು ಬೇಕು."

ಹಾಕಿದೆ. ನಾಲ್ಕು ಮಧ್ಯಾಹ್ನ, ಹನ್ನೊಂದು ಹಾಡು. ಮೇ ತಿಂಗಳು. ಫ್ಯಾನ್ ಹಚ್ಚಿದರೆ ಅದರ ಸಪ್ಪಳವೂ ಸೇರುತ್ತದೆಂದು ಬಂದ್ ಮಾಡಿ, ಕಿಟಕಿ ಮುಚ್ಚಿ, ಮೂವರೂ ಬೆವರಿನಲ್ಲಿ ತೊಯ್ದು ಕೂತೆವು. ವೈನಿ ನಾಚಿ ಮೈಕಿಗೆ ಬೆನ್ನು ಹಾಕಿ ಕೂಡುವರು, ಮಾಸ್ತರರು ಮೈಕನ್ನು ಆ ಕಡೆ ತಿರುಗಿಸುವರು, ಅವರು ಮತ್ತೆ ಈ ಕಡೆ ಹೊರಳುವರು. ಪೇಟಿ ಭಾಳ ಏರಿಸಬ್ಯಾಡ್ರಿ, ನನಗ ಎಟಕೂದಿಲ್ಲ ಎಂದು ಒಂದೇ ಸಮನೆ ಹೇಳುತ್ತಿದ್ದರು. ಊರ ಗವಾಯಿಗಳ ಹಿಂದೆ ಸುರಿಮಳೆಯಂತೆ ನುಡಿಸುತ್ತಿದ್ದ ಮಾಸ್ತರರು ಅಲ್ಲಿ ಮಾತ್ರ ಬರೀ ಶ್ರುತಿ ಹಿಡಿದರು. ಎರಡು ಸ್ವರ, ಅದೂ ಮೆಲ್ಲಗೆ. ಯಾಕ್ರಿ ಅಂತ ಕೇಳಿದ್ದಕ್ಕೆ, ಅಕಿ ಹಾಡಿನ ಮ್ಯಾಲೆ ನಾ ಕಾಲಿಡಬಾರದು ಅಂದರು.

ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಶ್ರುತಿ ಹಿಡಿಯದೆ ಹಾಡುವವರು ಬಾಯಿ ತೆರೆಯಬಾರದು. ಮೊದಲು ಪೇಟಿಯ ಶ್ರುತಿ ನಿಲ್ಲಬೇಕು, ಮನೆ ತುಂಬಬೇಕು, ಆಮೇಲೆ ಹಾಡು. ಮಾಸ್ತರರು ಶ್ರುತಿ ಹಿಡಿದು ನನ್ನ ಕಡೆ ಗೋಣು ಹಾಕುವರು, ನಾನು ಗುಂಡಿ ಒತ್ತುವೆ, ಹತ್ತೆಣಿಸುವಷ್ಟರಲ್ಲಿ ವೈನಿ ಎತ್ತಿಕೊಳ್ಳುವರು. ಹನ್ನೊಂದು ಹಾಡೂ ಹಾಗೆಯೇ ಶುರುವಾದವು.

ಆಪರೇಷನ್ನಿಗೆ ಹೊರಡುವ ದಿನ ಮಾಸ್ತರರು ಮನೆಯ ಕೀಲಿ ನನ್ನ ಕೈಗೆ ಕೊಟ್ಟರು. ಒಂದೇ ಕೆಲಸ ಹೇಳಿದರು. ಹನ್ನೊಂದು ಹಾಡನ್ನೂ ಪೆನ್‌ಡ್ರೈವಿಗೆ ನಕಲು ಮಾಡಿ ಇಟ್ಟಿರಬೇಕು. ಯಂತ್ರ ಹಳೆಯದು, ಭರವಸೆ ಇಲ್ಲ.

ಬರೀ ನಕಲು ಮಾಡಿದ್ದರೆ ಈ ಲೇಖನ ಬೇಕಿರಲಿಲ್ಲ. ಆದರೆ ನಾನು ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದವನು. ಒಂದು ಕಾಗದ ನನ್ನ ಮೇಜಿನ ಮೇಲೆ ಹಾದುಹೋಗುವಾಗ ಅದಕ್ಕೆ ಏನಾದರೂ ಮಾಡದೆ ಮುಂದೆ ಕಳಿಸಿ ಗೊತ್ತಿಲ್ಲ. ಹಾಡುಗಳನ್ನು ಕೇಳಿದೆ. ಹಿಂದೆ ಏನೋ ಗುಂಯ್ ಅನ್ನುವ ಸಪ್ಪಳ, ದೂರದಲ್ಲಿ ಯಾರದೋ ಕುಕ್ಕರಿನ ಸೀಟಿ. ವೈನಿ ಆಸ್ಪತ್ರೆಯಿಂದ ಬಂದಾಗ ಹಾಡು ಚೊಕ್ಕಾಗಿರಲಿ ಅನಿಸಿತು. ಗದ್ದಲ ತೆಗೆಯುವ ವಿದ್ಯೆಯನ್ನು ಮಾಸ್ತರರು ಭಜನೆಯವರ ಹಾಡಿಗೆ ಮಾಡುವಾಗ ಪಕ್ಕದಲ್ಲಿ ಕೂತು ನೋಡಿದ್ದೆ. ಬಹಳ ಸುಲಭ. ಯಾರೂ ಹಾಡದೇ ಇರುವ ಒಂದು ತುಣುಕನ್ನು ಯಂತ್ರಕ್ಕೆ ತೋರಿಸಿ, ಇದು ಗದ್ದಲ ಎಂದು ಹೇಳಬೇಕು. ಅದು ಅಂಥದ್ದನ್ನೆಲ್ಲ ಇಡೀ ಹಾಡಿನಿಂದ ಹೆಕ್ಕಿ ತೆಗೆಯುತ್ತದೆ. ಪ್ರತಿ ಹಾಡಿನ ಮೊದಲ ಹತ್ತು ಸೆಕೆಂಡು ವೈನಿ ಹಾಡಿರಲಿಲ್ಲ. ಅದನ್ನು ತೋರಿಸಿದೆ.

ಹನ್ನೊಂದಕ್ಕೂ ಮಾಡಿದೆ. ಗದ್ದಲ ಸ್ವಲ್ಪವೂ ಉಳಿಯಬಾರದೆಂದು, ತೆರೆಯ ಮೇಲೆ ಹೆಚ್ಚು ಕಡಿಮೆ ಮಾಡಲು ಇರುವ ಕಡ್ಡಿಗಳನ್ನೆಲ್ಲ ಕೊನೆಯವರೆಗೆ ಎಳೆದೆ. ಮೊದಲ ಹಾಡಿನ ಶುರು ಕೇಳಿ ನೋಡಿದೆ. ಆಹಾ, ಎಂಥ ನಿಶ್ಶಬ್ದ! ಸಂತೋಷವಾಗಿ ಅಲ್ಲಿಗೇ ನಿಲ್ಲಿಸಿದೆ. ಆಮೇಲೆ ಕಚೇರಿಯ ರೂಢಿಯಂತೆ ನಡೆದುಕೊಂಡೆ. ಶುದ್ಧ ಪ್ರತಿ ಸಿದ್ಧವಾದ ಮೇಲೆ ಕರಡನ್ನು ಇಟ್ಟುಕೊಳ್ಳುವುದಿಲ್ಲ. ಹಳೆಯದರ ಮೇಲೆಯೇ ಹೊಸದನ್ನು ಉಳಿಸಿ, ಪೆನ್‌ಡ್ರೈವಿಗೂ ಅದನ್ನೇ ನಕಲು ಮಾಡಿ, ಕೀಲಿ ಹಾಕಿಕೊಂಡು ಬಂದೆ.

ಹತ್ತು ದಿನದ ನಂತರ ಅವರು ಬಂದರು. ವೈನಿಯ ಕೊರಳಿಗೆ ಪಟ್ಟಿ. ಮಾತಿಲ್ಲ, ಬೆರಳಿನಿಂದಲೇ ಕೂಡು ಅಂದರು. ಮಾಸ್ತರರು ಯಂತ್ರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಮೊದಲ ಹಾಡು ಹಚ್ಚಿದರು. ನಾನು ಸನ್ಮಾನಕ್ಕೆ ನಿಂತವನಂತೆ ಕೈಕಟ್ಟಿ ನಿಂತಿದ್ದೆ.

ಮೊದಲು ನಿಶ್ಶಬ್ದ. ಆಮೇಲೆ ವೈನಿಯ ದನಿ... ದನಿಯೆಂದು ಹೇಗೆ ಹೇಳಲಿ. ಭಾವಿಯ ತಳದಲ್ಲಿ, ನೀರೊಳಗೆ ಕೂತು ಯಾರೋ ಹಾಡಿದಂತೆ, ಗುಳುಗುಳು. ಶಬ್ದಗಳು ಅರ್ಧಕ್ಕೇ ತುಂಡಾಗುತ್ತಿದ್ದವು. ಎರಡನೆಯದೂ ಹಾಗೆಯೇ. ಮೂರನೆಯದೂ. ವೈನಿ ಗಂಡನ ಮುಖ ನೋಡಿದರು. ಮಾಸ್ತರರು ಯಂತ್ರ ಬಂದ್ ಮಾಡಿ, ಬರ್ರಿ ಸಾಹೇಬ್ರ ಎಂದು ನನ್ನನ್ನು ಕಟ್ಟೆಗೆ ಕರೆದುಕೊಂಡು ಬಂದರು.

ನಾನು ಎಲ್ಲ ಹೇಳಿದೆ. ಅವರು ಒಂದನ್ನೇ ಕೇಳಿದರು.

"ಗದ್ದಲ ಅಂತ ಯಾವುದನ್ನ ತೋರಿಸಿದ್ರಿ ಅದಕ್ಕ?"

"ಮೊದಲಿನ ಹತ್ತು ಸೆಕೆಂಡ್ರಿ. ವೈನಿ ಇನ್ನೂ ಹಾಡಿದ್ದಿಲ್ಲ ಆಗ."

"ಹೌದು. ಆಗ ನಾ ಶ್ರುತಿ ಹಿಡದಿದ್ದೆ."

ಅವರು ಬೈದಿದ್ದರೆ ಬೈಸಿಕೊಳ್ಳಲು ಒಂದು ದಾರಿ ಇತ್ತು. ಶ್ರುತಿಯನ್ನು ಗದ್ದಲವೆಂದು ತೋರಿಸಿದೆ, ಆ ಶ್ರುತಿಗೇ ಕೂಡಿಕೊಂಡಿದ್ದ ವೈನಿಯ ದನಿಯೂ ಅದರ ಸಂಗಡ ಹೋಯಿತು. ಮಾಸ್ತರರು ಒಳಗೆ ಹೋದರು. ನಾನು ಚಪ್ಪಲಿ ಹುಡುಕುತ್ತಿದ್ದಾಗ ಅವರು ವೈನಿಗೆ ಹೇಳುವುದು ಕೇಳಿಸಿತು.

"ಲಿನಕ್ಸ್ ಕೈ ಕೊಡ್ತು ನೋಡು. ಹುಬ್ಬಳ್ಳಿಗೆ ಹೋಗೂ ಗಡಿಬಿಡ್ಯಾಗ ಅಮಾಸಿ ದಿನ ಅಪ್‌ಡೇಟ್ ಮಾಡಿಬಿಟ್ಟೆ. ತಪ್ಪು ನಂದ."

ಲಿನಕ್ಸ್ ಬಗ್ಗೆ ಒಂದು ಕೆಟ್ಟ ಮಾತು ಕೇಳಿಸಿಕೊಳ್ಳದ ಮನುಷ್ಯ! ನಾನು ಒಳಗೆ ಹೋಗಿ, ಅಲ್ಲ ವೈನಿ, ನಾನು ಮಾಡಿದ್ದು ಎನ್ನಬೇಕಿತ್ತು. ಹೋಗಲಿಲ್ಲ. ಚಪ್ಪಲಿ ಸಿಕ್ಕಿತು. ಹಾಕಿಕೊಂಡು ಬಂದೆ.

ಸುದ್ದಿ ಓಣಿಗೆ ಹಬ್ಬಿತು. ಕಿರಾಣಿ ಅಂಗಡಿಯವನು ಮಾಸ್ತರರನ್ನು ಕಂಡಾಗೊಮ್ಮೆ, ಏನ್ರಿ ಮಾಸ್ತರ, ನಿಮ್ಮ ಲಿನಕ್ಸ್ ಹಾಡ ನುಂಗೇತಂತಲ್ಲ ಎನ್ನುವನು. ಮಾಸ್ತರರು, ಹೌದಪಾ, ಹಸದಿತ್ತು ಎಂದು ಬೆಲ್ಲ ತೂಗಿಸಿಕೊಂಡು ಬರುವರು. ಪಕ್ಕದಲ್ಲಿ ನಿಂತ ನಾನು ತೊಗರಿಬೇಳೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ವೈನಿಯ ಗಾಯ ಮಾಯಿತು. ದನಿ ಬರಲಿಲ್ಲ. ಕಾಗದದ ಮೇಲೆ ಬೆರಳಾಡಿಸಿದಂಥ ಪಿಸುಮಾತು ಉಳಿಯಿತು.

ಆಮೇಲೆ ಮಾಸ್ತರರಿಗೆ ಘರಾಣೆ ಬದಲಿಸುವ ಚಟ ಹತ್ತಿತು. ಡೆಬಿಯನ್ ಹೋಗಿ ಉಬುಂಟು, ಅದು ಹೋಗಿ ಇನ್ನೊಂದು. ಸಂಗೀತದವರಿಗೆಂದೇ ಮಾಡಿದ ಲಿನಕ್ಸ್ ಇವೆಯಂತೆ, ಅವೂ ಬಂದು ಹೋದವು. ಗಂಗಾವತಿಯ ಶಿಷ್ಯ ತಿಂಗಳಿಗೊಂದು ಪೆನ್‌ಡ್ರೈವ್ ಕಳಿಸುತ್ತಿದ್ದ. ಸೋರಿಬಳ್ಳಿಯ ಗುರುವನ್ನೂ ಬಿಡಲಿಲ್ಲ. ಹದಿನೈದು ದಿನ ಕನ್ನಡಕ ಒರೆಸಿಕೊಳ್ಳುತ್ತ ಇಂಗ್ಲಿಷಿನ ಸೂಚನೆ ಓದಿ, ಅದನ್ನೂ ನಿಲ್ಲಿಸಿದರು. ವಯಸ್ಸಾದ ಮೇಲೆ ಮಾಸ್ತರರಿಗೆ ಹುಚ್ಚು ಎಂದು ಓಣಿಯವರು ನಕ್ಕರು. ಯಾಕೆಂದು ನನಗೊಬ್ಬನಿಗೆ ಗೊತ್ತಿತ್ತು. ಒಂದೊಂದರಲ್ಲಿ ಒಂದೊಂದು ಬಗೆಯ ಶಬ್ದದ ಹತಾರಗಳು. ಯಾವುದಾದರೂ ಒಂದು, ತೆಗೆದದ್ದನ್ನು ವಾಪಸ್ ತಂದೀತು ಎಂದು ಅವರ ಆಸೆ. ವೈನಿ ನೀರಿಗೆ ಹೋದ ಹೊತ್ತು ನೋಡಿ ನನ್ನನ್ನು ಕರೆದು, ಈಗ ಕೇಳ್ರಿ, ಸ್ವಲ್ಪ ಬಂದಂಗ ಆಗೇತಿಲ್ಲ ಎನ್ನುವರು. ನಾನು ಹೌದ್ರಿ, ಬಂದೈತಿ ಎನ್ನುವೆ. ಬಂದಿರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿರುತ್ತಿತ್ತು.

"ಕಸದಬುಟ್ಟಿಗೆ ಹಾಕಿದ್ದರ ಹೊರಳಿ ತರಬಹುದು," ಎಂದು ಒಮ್ಮೆ ತೆರೆಯ ಕಡೆ ನೋಡುತ್ತಲೇ ಅಂದರು. "ಇದು ಎಲ್ಲಿಗೆ ಹೋಗತೈತಿ, ಸಾಹೇಬ್ರ?"

ಆ ದಿನ ನಾನು ಕೊನೆಗೂ ಬಾಯಿ ತೆರೆದೆ. ತಪ್ಪಾಯಿತು, ವೈನಿಗೆ ನಾನೇ ಹೇಳಿಬಿಡುತ್ತೇನೆ, ನೀವು ಯಾಕೆ ಹೊತ್ತುಕೊಂಡಿರಿ ಎಂದೆ. ಮಾಸ್ತರರು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿದರು.

"ಹಾಡಾವ ತಪ್ಪಿದ್ರ ಪೇಟಿಯವ ಮುಚ್ಚಬೇಕ್ರಿ. ಕೂತವರಿಗೆ ಗೊತ್ತಾಗಬಾರದು. ನಲವತ್ತು ವರ್ಷ ಅದನ್ನ ಮಾಡೇನಿ ನಾ. ನೀವೇನು ದೊಡ್ಡ ತಪ್ಪು ಮಾಡೀರಿ, ಇಟಗಿ ಭಜನಿಯವರ ತಪ್ಪು ಕೇಳಬೇಕು ನೀವು." ಹೀಗೆಂದು ಅವರೇ ನಕ್ಕರು. ನಾನು ನಗಲು ಪ್ರಯತ್ನಪಟ್ಟೆ.

ಮರುವರ್ಷ ನನಗೆ ಕೊಪ್ಪಳಕ್ಕೆ ವರ್ಗವಾಯಿತು. ಹೊರಡುವಾಗ ಮಾಸ್ತರರು ಆ ಹನ್ನೊಂದು ಹಾಡನ್ನೂ ನನ್ನ ಫೋನಿಗೆ ಹಾಕಿಕೊಟ್ಟರು. ಮುಂದೆ ಯಾವುದಾದರೂ ಹೊಸಾ ಸಾಫ್ಟ್‌ವೇರ್ ಬಂದ್ರ ನೀವೂ ಒಂದು ಕೈ ನೋಡ್ರಿ ಅಂದರು. ಇನ್ನೆಂದೂ ನನ್ನ ಕೈಗೆ ಕೊಡಬಾರದಾಗಿದ್ದ ವಸ್ತುವನ್ನು ಮತ್ತೆ ನನ್ನ ಕೈಗೇ ಕೊಟ್ಟರು. ಎರಡು ವರ್ಷದ ಹಿಂದೆ ಮಾಸ್ತರರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅಂದೂ ವೈನಿಯ ಮುಂದೆ ನನ್ನ ಬಾಯಿ ಏಳಲಿಲ್ಲ.

ಆ ಟ್ರಂಕಿನ ವಾಸನೆ ಮೂಗಿಗೆ ಹತ್ತಿದ ಮೇಲೆ ನನಗೆ ಮನೆಯಲ್ಲಿ ಕೂಡಲಾಗಲಿಲ್ಲ. ಭಾನುವಾರ ಬಸ್ಸು ಹತ್ತಿ ಯಲಬುರ್ಗಾಕ್ಕೆ ಹೋದೆ. ವೈನಿಯ ಮನೆಯಲ್ಲಿ ಈಗ ಓಣಿಯ ಹೆಂಗಸರ ಭಜನೆ ಕೂಡುತ್ತದೆ. ವೈನಿ ಹಾಡುವುದಿಲ್ಲ, ತಾಳ ಹಾಕುತ್ತಾರೆ. ಯಾರಾದರೂ ತಾಳ ತಪ್ಪಿದರೆ ಕಣ್ಣಿನಿಂದಲೇ ಬೈಯುತ್ತಾರಂತೆ. ನಾನು ಹೋದಾಗ ಭಜನೆ ಮುಗಿದು ಎಲ್ಲರೂ ಎದ್ದು ಹೋಗಿದ್ದರು. ವೈನಿ ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತಿದ್ದರು. ನಾನೂ ಒಂದು ಹಿಡಿ ತೆಗೆದುಕೊಂಡು ಒಡೆಯುತ್ತ, ತಲೆ ತಗ್ಗಿಸಿ, ಕೀಲಿ ಕೊಟ್ಟ ದಿನದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅಪ್‌ಡೇಟ್ ಅಲ್ಲ, ಲಿನಕ್ಸ್ ಅಲ್ಲ, ನಾನು.

ವೈನಿಯ ಕೈ ನಿಂತಿತು. ಆ ಪಿಸುದನಿಯಲ್ಲಿ, ಆ ಹಾಡ ಇನ್ನೂ ಅದಾವೇನು ಎಂದು ಕೇಳಿದರು. ಫೋನಿನಲ್ಲಿ ಇವೆ, ಆದರೆ ಕೇಳುವ ಹಾಗಿಲ್ಲ ಎಂದೆ.

"ಹಚ್ಚು."

ಹಚ್ಚಿದೆ. ಅದೇ ನಿಶ್ಶಬ್ದ, ಅದೇ ನೀರೊಳಗಿನ ದನಿ. ವೈನಿ ಫೋನಿಗೆ ಕಿವಿ ಹತ್ತಿರ ತಂದು ಕಣ್ಣು ಮುಚ್ಚಿದರು.

"ನನ್ನ ದನಿ ಹೆಂಗಿತ್ತು ಅಂತ ನನಗ ಗೊತ್ತೈತಿ, ತಮ್ಮಾ. ಅದು ಹೋಗಿದ್ದಕ್ಕ ನಾ ಅತ್ತಿಲ್ಲ." ಉಸಿರು ಸಾಲದೆ ನಿಂತು, ಮತ್ತೆ ಹೇಳಿದರು. "ಅವರು ನನಗ ಪೇಟಿ ಹಿಡದದ್ದು ಆ ನಾಕ ದಿನ ಅಷ್ಟ."

ಇಷ್ಟು ವರ್ಷ ನಾನು ಕಳೆದದ್ದು ವೈನಿಯ ಹಾಡು ಎಂದೇ ತಿಳಿದಿದ್ದೆ. ನಾನು ತೋರಿಸಿ, ಹೆಸರಿಟ್ಟು, ಹೆಕ್ಕಿ ತೆಗೆಸಿದ್ದು ಯಾರನ್ನು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಹಾಡು ನಡೆದಿತ್ತು. ಒಂದು ಕಡೆ ವೈನಿ ಬೆರಳೆತ್ತಿದರು.

"ಇಲ್ಲಿ ತಡದ್ರು ನೋಡು. ನಾ ಉಸಿರು ತಗೋಲಿ ಅಂತ."

ಇನ್ನೊಂದು ಕಡೆ ಸ್ವಲ್ಪ ನಕ್ಕರು. ಇಲ್ಲಿ ನಾ ಸಾಲು ಮರತಿದ್ದೆ, ಅವರು ಮುಚ್ಚಿದ್ರು ಅಂದರು. ಹೀಗೆ ಹನ್ನೊಂದು ಹಾಡೂ ಕೇಳಿದೆವು. ಪ್ರತಿ ಸಲ ಅವರ ಬೆರಳು ಎದ್ದಾಗ ನಾನೂ ಬಗ್ಗಿ, ಕಿವಿಗೊಟ್ಟು ಕೇಳಿದೆ. ಅಲ್ಲಿ ಏನೂ ಇರಲಿಲ್ಲ. ಅಷ್ಟು ಚೊಕ್ಕ ಮಾಡಿದ್ದೆ ನಾನು.